ಅಪ್ಪನ ಎಡಗೈ

ವಕೀಲರ ಸಂಘದವರು ಅಪ್ಪನ ಚಿತ್ರಪಟ ತೂಗುಹಾಕಿದ ದಿನ ಧಾರವಾಡದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಕೈಗೊಂದು ಗುಲಾಬಿ ಹೂ ಕೊಟ್ಟು, ಪರದೆ ಸರಿಸಿದರು. ಕರಿ ಕೋಟು, ಬಿಳಿ ರುಮಾಲು, ಮೇಜಿನ ಮೇಲೊಂದು ದಪ್ಪ ಪುಸ್ತಕ, ಪುಸ್ತಕದ ಮೇಲೆ ಎರಡೂ ಕೈ. ಮುಖವನ್ನು ಪೇಂಟರ್ ಚೆನ್ನಾಗಿಯೇ ಬರೆದಿದ್ದ. ಕೈ ನೋಡಿದ ಮೇಲೆ ಮಾತ್ರ ನನಗೆ ಸುಮ್ಮನಿರಲಾಗಲಿಲ್ಲ.

"ಎಡಗೈ ತಪ್ಪಾಗೇತಿ," ಎಂದೆ.

ಪಕ್ಕದಲ್ಲಿದ್ದ ತರುಣ ವಕೀಲ ಬಗ್ಗಿ, "ಏನಂದ್ರಿ ಅಮ್ಮಾರ?" ಎಂದು ಕೇಳಿದ.

"ಅವರ ಎಡಗೈ ಸೊಟ್ಟ ಇತ್ತು. ಇಲ್ಲಿ ನೆಟ್ಟಗ ಬರದಾರ."

"ಆತ್ರಿ, ಪೇಂಟರಗ ಹೇಳೂಣಂತ," ಎಂದು ಮುದುಕಿಯರನ್ನು ಕಂಡಾಗ ನಗುವ ನಗೆಯೊಂದನ್ನು ನಕ್ಕು ಅವನು ಮೈಕಿನ ಕಡೆ ಹೋದ. ಪೇಂಟರನ ತಪ್ಪೇನೂ ಇಲ್ಲ. ಅವನಿಗೆ ಸಿಕ್ಕದ್ದು ನನ್ನ ಮದುವೆಯಲ್ಲಿ ತೆಗೆಸಿದ ಫೋಟೋ, ಆಗ ಕೈ ನೆಟ್ಟಗೇ ಇತ್ತು. ಒಬ್ಬರಾದ ಮೇಲೊಬ್ಬರು ಎದ್ದು, ಗುರುನಾಥ ವಕೀಲರು ಕೊಲೆ ಕೇಸು ಹಿಡಿದರೆ ಸೋಲೆಂಬುದೇ ಇರಲಿಲ್ಲ ಎಂದು ಹೊಗಳಿದರು. ಒಂದು ಕೇಸನ್ನಾದರೂ ಅವರು ಸೋಲಬೇಕಾಗಿತ್ತು. ಅದನ್ನು ಹೇಳುವುದಕ್ಕೆ ನನಗೆ ಕೊಟ್ಟ ಎರಡು ನಿಮಿಷ ಸಾಲುತ್ತಿರಲಿಲ್ಲ. ಕೈಮುಗಿದು ಕೂತುಬಿಟ್ಟೆ.

ಹೊರಗೆ ಬಂದರೆ ವರಾಂಡದ ತುಂಬ ತೋಯ್ದ ಕರಿ ಕೋಟುಗಳ ಮುಗ್ಗು ವಾಸನೆ. ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಶ್ರಾವಣದಲ್ಲಿ ಮದಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ, ಗೂಟಕ್ಕೆ ತೂಗುತ್ತಿದ್ದ ಅಪ್ಪನ ಕೋಟಿಗೂ ಇದೇ ವಾಸನೆ ಇತ್ತು. ಆಗ ನನಗೆ ಇಪ್ಪತ್ತು. ಈಗ ಎಪ್ಪತ್ತು ದಾಟಿದೆ. ಆ ಒಂದು ವರ್ಷದ ಸಿಟ್ಟು ಮಾತ್ರ ಇನ್ನೂ ನನ್ನಲ್ಲಿ ಹಾಗೆಯೇ ಇದೆ.

ಅಪ್ಪ ಕೆಲಸ ಮಾಡುವ ರೀತಿ ಬೇರೆ ವಕೀಲರಂತಿರಲಿಲ್ಲ. ಕೊಲೆ ಕೇಸು ಬಂತೆಂದರೆ ಅವರು ಕಾಗದ ಓದಿ ಮುಗಿಸಿದ ಮೇಲೆ ಪಡಸಾಲೆಯ ಜಮಖಾನೆ ಸುತ್ತಿಡಿಸುತ್ತಿದ್ದರು. ಕಂಬವೇ ಬಾವಿಕಟ್ಟೆ, ಹೊಸ್ತಿಲೇ ಹೊಲದ ಬದು, ಹೋಳಿಗೆ ಮಾಡುವ ಲಟ್ಟಣಿಗೆಯೇ ಕೊಡಲಿ. ಕೊಲ್ಲುವವರು ಅಪ್ಪ, ಸಾಯುವವಳು ಅವ್ವ. ಹೆಜ್ಜೆ ಎಣಿಸಿ, ಎಲ್ಲಿ ನಿಂತರೆ ಏಟು ಎಲ್ಲಿ ಬೀಳುತ್ತದೆ ಎಂದು ನೋಡಿ, ಸಾಕ್ಷಿ ಹೇಳಿದ್ದು ಆಗುವ ಮಾತೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದರು. ನಮ್ಮವ್ವ ಆ ಪಡಸಾಲೆಯಲ್ಲಿ ಕತ್ತಿಯಿಂದ, ಕಲ್ಲಿನಿಂದ, ಬಂದೂಕಿನಿಂದ, ಒಮ್ಮೆ ಎತ್ತಿನ ಹಗ್ಗದಿಂದಲೂ ಕೊಲೆಯಾಗಿದ್ದಾಳೆ. ನೆಲದ ಮೇಲೆ ಅಂಗಾತ ಬಿದ್ದುಕೊಂಡೇ, "ಸಾಯೂದು ಮುಗೀತೇನ್ರಿ? ಏಳ್ಲ್ಯಾ? ಒಲಿ ಮ್ಯಾಲೆ ಬ್ಯಾಳಿ ಉಕ್ಕಾಕತ್ತೈತಿ," ಎನ್ನುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗೆಯೇ ಇರುತ್ತದೆ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ.

ಆದರೆ ಆ ಲಟ್ಟಣಿಗೆ ಒಮ್ಮೆಯೂ ಯಾರ ಮೈಗೂ ತಾಗಲಿಲ್ಲ. ಅಪ್ಪ ಅವ್ವನ ಮೇಲೆ ಕೈ ಎತ್ತಿದವರಲ್ಲ. ನಾನು ಚಿಕ್ಕವಳಿದ್ದಾಗ ಅವರ ದಾವೆಯ ಕಾಗದಗಳ ಮೇಲೆ ಮಸಿದೌತಿ ಉರುಳಿಸಿದ್ದೆ. ಆಗಲೂ, "ಛಲೋ ಮಾಡಿದಿ, ಇನ್ನೊಮ್ಮೆ ಬರೀತೇನಿ, ಅಕ್ಷರರೆ ಸುಧಾರಸ್ತಾವ," ಎಂದು ನಕ್ಕಿದ್ದರು. ನಮ್ಮ ಮನೆಯಲ್ಲಿ ಹೊಡೆತ ಎಂಬುದು ಕಾಗದದಲ್ಲಿತ್ತು, ಆಟದಲ್ಲಿತ್ತು. ಹದಿನೆಂಟನೆಯ ವಯಸ್ಸಿನವರೆಗೆ ನನಗೆ ಅದರ ರುಚಿ ಗೊತ್ತಿರಲಿಲ್ಲ.

ಹದಿನೆಂಟಕ್ಕೆ ನನ್ನನ್ನು ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರ ಮನೆಗೆ ಕೊಟ್ಟರು. ಧಾರವಾಡದಿಂದ ರೈಲಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ಮೂರನೆಯ ತಿಂಗಳಿಗೆ ನನ್ನ ಗಂಡ ಮೊದಲ ಸಲ ಹೊಡೆದ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತಂತೆ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಕೊಡೆ, ಬೆತ್ತ, ಹಿತ್ತಾಳೆಯ ತಂಬಿಗೆ, ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದ. ಅತ್ತೆ ಎದ್ದು ಬಂದು, ಬಿಡಿಸಿಯಾಳು ಎಂದು ನಾನು ನೋಡಿದರೆ, ಕಿಟಕಿ ಮುಚ್ಚಿ, "ಮಂದಿ ಕೇಳತಾರ, ಸಾವಕಾಶ," ಎಂದು ಹೇಳಿ ಹೋಗುತ್ತಿದ್ದಳು. ಯಾರಿಗೆ ಸಾವಕಾಶ ಎಂದಳೋ, ಹೊಡೆಯುವವನಿಗೋ ಅಳುವವಳಿಗೋ, ನನಗೆ ಇವತ್ತಿಗೂ ತಿಳಿದಿಲ್ಲ.

ನಾಗರಪಂಚಮಿಗೆ ತವರಿಗೆ ಬಂದೆ. ತಂಪು ಎಂಬ ನೆಪ ಹೇಳಿ ಮೊಣಕೈ ದಾಟುವ ತೋಳಿನ ಕುಪ್ಪಸ ತೊಡುತ್ತಿದ್ದೆ. ಹಬ್ಬಕ್ಕೆ ಬಳೆ ಇಡಿಸಲು ಅವ್ವ ಮಕ್ತುಂಸಾಬನನ್ನು ಕರೆಸಿದಳು. ಧಾರವಾಡದ ಓಣಿಗಳಿಗೂ ಸುತ್ತಣ ಹಳ್ಳಿಗಳಿಗೂ ಬಳೆಯ ಮಲಾರವನ್ನು ಹೆಗಲ ಮೇಲೆ ಹೊತ್ತು ತಿರುಗುವ ಬಳೆಗಾರ ಆತ. ನಾನು ಕೂಸಾಗಿದ್ದಾಗ ನನ್ನ ಕೈಗೆ ಮೊದಲ ಬಳೆ ಇಟ್ಟವನೂ ಆತನೇ. ಕುಸುಬಿ ಎಣ್ಣೆ ಸವರಿ ನನ್ನ ಕೈ ಹಿಚುಕುತ್ತ ಹಿಚುಕುತ್ತ ನಿಲ್ಲಿಸಿದ.

"ತಂಗೀ, ಬಲಗೈಯಾಗ ಬಳಿ ತುಂಬ್ಯಾವ. ಎಡಗೈಯಾಗ ಎರಡ ಅದಾವಲ್ಲ?"

"ಬೀಸೂ ಕಲ್ಲಿಗೆ ಬಡದು ಒಡದಾವ, ಕಾಕಾ."

ಆತ ಸುತ್ತ ನೋಡಿದ. ಅವ್ವ ಒಳಗಿದ್ದಳು. ತಲೆ ತಗ್ಗಿಸಿ, ತನ್ನಷ್ಟಕ್ಕೆ ಹೇಳಿಕೊಂಡಂತೆ, "ಕಲ್ಲಿಗೆ ಬಲಗೈ ಬಡಿತೈತವ್ವಾ," ಎಂದ. ಮುಂದೆ ಕೆದಕಲಿಲ್ಲ. ಎಡಗೈಗೆ ಹಸಿರು ಬಳೆಗಳನ್ನು ಒಂದೊಂದಾಗಿ, ಬಾವು ಇದ್ದಲ್ಲಿ ನೋವಾಗದಂತೆ ಇಟ್ಟು ಹೋದ.

ಅದೇ ಶ್ರಾವಣದಲ್ಲಿ ಅಪ್ಪನ ಹತ್ತಿರ ಕಲ್ಲಪ್ಪನ ಕೇಸು ಬಂತು. ಮುಗದದಿಂದ ಆಚೆ ಒಂದು ಹಳ್ಳಿಯ ರೈತ. ಅವನ ಹೆಂಡತಿ ಫಕೀರವ್ವ ಮನೆಯ ಅಟ್ಟದ ನಿಚ್ಚಣಿಕೆಯ ಬುಡದಲ್ಲಿ ಸತ್ತುಬಿದ್ದಿದ್ದಳು. ತಲೆ ಒಡೆದಿತ್ತು, ಎಡಗೈಯ ಎಲುಬು ಮುರಿದಿತ್ತು. ಗಂಡನೇ ಒನಕೆಯಿಂದ ಹೊಡೆದು ಕೊಂದ ಎಂದು ಪೊಲೀಸರ ಮಾತು. ಬೀಜದ ಚೀಲ ಇಳಿಸುವಾಗ ಕಾಲು ಜಾರಿ ಬಿದ್ದಳು ಎಂದು ಕಲ್ಲಪ್ಪನ ಮಾತು. ಡಾಕ್ಟರರು ಎರಡೂ ಆಗಬಹುದು ಎಂದು ಬರೆದು ಕೈ ತೊಳೆದುಕೊಂಡಿದ್ದರು. ಪೊಲೀಸರ ಕಡೆಯ ಮುಖ್ಯ ಸಾಕ್ಷಿ ಯಾರೆಂದರೆ ನಮ್ಮ ಮಕ್ತುಂಸಾಬ. ಆ ಹೆಂಗಸಿನ ಎಡಗೈಗೆ ತಾನು ಯುಗಾದಿಯಿಂದ ಆರು ಸಲ ಬಳೆ ಇಟ್ಟೆ, ಪ್ರತಿ ಸಲವೂ ಕೈಯ ಮೇಲೆ ಬಾಸುಂಡೆ ಇದ್ದವು ಎಂದು ಆತ ಹೇಳಿಕೆ ಕೊಟ್ಟಿದ್ದ.

ಕಲ್ಲಪ್ಪ ನಿಜವಾಗಿಯೂ ಹೊಡೆದಿಲ್ಲ ಎಂದೇ ಅಪ್ಪ ನಂಬಿದ್ದರು. ಸುಳ್ಳೆಂದು ಗೊತ್ತಿದ್ದೂ ಕೇಸು ನಡೆಸುವವರಲ್ಲ ಅವರು. ಅವರ ಬಗ್ಗೆ ನನಗೆಷ್ಟೇ ಸಿಟ್ಟಿದ್ದರೂ ಈ ಮಾತನ್ನು ಹೇಳಲೇಬೇಕು.

ಒಂದು ಮಧ್ಯಾಹ್ನ ಜಮಖಾನೆ ಸುತ್ತಿಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಗೆ ಕಣಕ ನಾದಿ ಕೂತಿದ್ದೆ. ಲಟ್ಟಣಿಗೆ ಅಪ್ಪನ ಕೈಗೆ ಹೋಗಿದ್ದರಿಂದ ಬೇರೆ ಕೆಲಸವಿರಲಿಲ್ಲ. ಅವ್ವ ಫಕೀರವ್ವನಾಗಿ ನಿಂತಳು. ಅಪ್ಪ ಕಲ್ಲಪ್ಪನಾಗಿ ಎದುರಿನಿಂದ ಲಟ್ಟಣಿಗೆ ಎತ್ತಿದರು. ಅವ್ವ ಬಲಗೈಯನ್ನು ಮುಂದೆ ಚಾಚಿ ಅಂಗೈ ತೋರಿಸಿದಳು, ಅಂಗಳಕ್ಕೆ ಬಂದ ಭಿಕ್ಷುಕನಿಗೆ ಮುಂದೆ ಹೋಗಪ್ಪಾ ಎನ್ನುವ ಹಾಗೆ.

"ಇನ್ನೊಮ್ಮೆ," ಎಂದರು ಅಪ್ಪ. ಮತ್ತೆ ಬಲಗೈ. ಮೂರನೆಯ ಸಲ ಅವಳಿಗೆ ಹೇಳದೆ ಫಕ್ಕನೆ ತಿರುಗಿ ಎತ್ತಿದರು. ಆಗಲೂ ಬಲಗೈ.

"ಸಿಕ್ತು!" ಎಂದು ಅಪ್ಪ ಕುಣಿದಾಡಿಬಿಟ್ಟರು. "ಉಣ್ಣೂದು ಬಲಗೈ, ನಮಸ್ಕಾರ ಮಾಡೂದು ಬಲಗೈ, ತಡಿಯೂದೂ ಬಲಗೈನ. ಹೊಡದಿದ್ರ ಆಕಿ ಬಲಗೈ ಮುರೀಬೇಕಾಗಿತ್ತು. ಮುರದದ್ದು ಎಡಗೈ. ಅಂದ್ರ ಆಕಿ ಎಡ ಮಗ್ಗಲಿಗೆ ಬಿದ್ದಾಳ. ನಿಚ್ಚಣಿಕಿಂದನ ಬಿದ್ದಾಳ!"

ನನ್ನ ಬಾಯಲ್ಲಿ ಮಾತು ಬಂದಿತ್ತು. ಅವ್ವಾ ಹಂಗಲ್ಲ, ಎಡಗೈ ಬರತೈತಿ, ಬಲಗೈಯಿಂದ ಗೋಡಿ ಹಿಡಕೊಂಡಿರತೀವಿ, ಎಡಗೈ ತಾನ ಮುಖದ ಮುಂದ ಬರತೈತಿ. ಅಷ್ಟೇ ಹೇಳಿದ್ದರೆ ಸಾಕಾಗಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ವಕೀಲರ ಮಗಳು ಗಂಡನ ಮನೆಯಲ್ಲಿ ಬಾಳಲಿಲ್ಲ ಎಂದು ಊರು ಆಡಿಕೊಳ್ಳುತ್ತಿತ್ತು. ಅದಕ್ಕೆ ಹೆದರಿದೆ. ಇನ್ನೊಂದು ಕಾರಣವೂ ಇತ್ತು, ಅದು ಸಣ್ಣತನದ್ದು. ಹೆಣದ ಮೇಲಿನ ಗಾಯ ನೋಡಿ ಕತ್ತಿಯೋ ಕುಡುಗೋಲೋ ಹೇಳುವ ಮನುಷ್ಯ, ಎದುರಿಗೆ ಕೂತ ಮಗಳ ಕೈ ನೋಡಲಿಲ್ಲವಲ್ಲ ಎಂದು ನನಗೆ ರೋಷ ಬಂದಿತ್ತು. ನೋಡಲಿ, ತಾವಾಗಿ ನೋಡಲಿ ಎಂದು ಹಲ್ಲು ಕಚ್ಚಿ ಕಣಕ ಹಿಸುಕುತ್ತ ಕೂತೆ.

ಕೋರ್ಟಿನಲ್ಲಿ ಏನಾಯಿತು ಎನ್ನುವುದನ್ನು ಅಪ್ಪ ಊಟಕ್ಕೆ ಕೂತು ಅಭಿನಯ ಮಾಡಿ ತೋರಿಸಿದರು.

"ಬಳಿ ಒಡದ್ರ ನಿನಗ ಲಾಭೋ ಲುಕ್ಸಾನೋ ಅಂತ ಕೇಳಿದೆ. ಲಾಭ ರೀ ಅಂದ. ಕೋರ್ಟ್ ಎಲ್ಲಾ ನಕ್ತು. ಬೀಸೂ ಕಲ್ಲಿಗೆ ಬಡದ್ರ ಒಡಿತಾವೋ ಇಲ್ಲೋ ಅಂದೆ. ಒಡಿತಾವ್ರಿ, ಆದ್ರ ಬಲಗೈದು ಒಡಿತಾವ್ರಿ ಅಂದ. ಓಹೋ, ಯಾವ ಕೈ ಯಾವುದಕ್ಕ ಬರತೈತಿ ಅನ್ನೂದು ನಿನಗ ಗೊತ್ತೈತಿ ಹಂಗಾರ! ಎಷ್ಟು ಹೆಂಗಸರನ್ನ ಹೊಡದೀಯಪಾ ನೀನು? ಅಂದೆ. ಮಾರಿ ಕೆಂಪಗ ಮಾಡಕೊಂಡು ಸುಮ್ಮ ನಿಂತ."

ಆಮೇಲೆ ಕೋರ್ಟಿನ ಪಟ್ಟೇವಾಲ ಜವಾನನನ್ನು ನಿಲ್ಲಿಸಿ, ರೂಲು ದೊಣ್ಣೆ ಎತ್ತಿ ತೋರಿಸಿದರಂತೆ. ಪಾಪ, ಅವನೂ ಬಲಗೈ ಎತ್ತಿದ. ಜಡ್ಜ ಸಾಹೇಬರು ಕುರ್ಚಿಯಲ್ಲಿ ಕೂತಲ್ಲೇ ತಮ್ಮ ಬಲಗೈಯನ್ನು ಒಮ್ಮೆ ಎತ್ತಿ ನೋಡಿಕೊಂಡರಂತೆ. ಎಂದೂ ಏಟು ತಿನ್ನದ ಮೂವರು ಸೇರಿ ಫಕೀರವ್ವ ಹೇಗೆ ಸತ್ತಳು ಎಂದು ತೀರ್ಮಾನಿಸಿದರು. ಮೂರನೆಯ ದಿನ ಕಲ್ಲಪ್ಪ ಬಿಡುಗಡೆಯಾದ.

ಬಿಡುಗಡೆಯಾದ ಗಳಿಗೆಗೇ ಅವನ ಕಡೆಯವರು ಕೋರ್ಟಿನ ಮುಂದೆ ಮಕ್ತುಂಸಾಬನನ್ನು ಹಿಡಿದರು. ಮಲಾರವನ್ನು ಕಸಿದು ನೆಲಕ್ಕೆ ಹಾಕಿ ಮೆಟ್ಟುಗಾಲಿನಲ್ಲಿ ತುಳಿದರು. ಬಾಯಿಯ ಮೇಲೆ ಗುದ್ದಿ ಮುಂದಿನ ಹಲ್ಲು ಉದುರಿಸಿದರು. ಮರುದಿನ ಅವ್ವನ ಜೊತೆ ಆ ದಾರಿಯಲ್ಲಿ ಹೋದಾಗ ಕೆಸರಿನ ತುಂಬ ಹಸಿರು, ಕೆಂಪು ಗಾಜಿನ ಚೂರು. ಬರಿಗಾಲಲ್ಲಿ ಹೋಗುವವರು ಸುತ್ತುಹಾಕಿ ಹೋಗುತ್ತಿದ್ದರು. ಮನೆಗೆ ಬಂದು ಹೇಳಿದರೆ ಅಪ್ಪ, "ಸಾಕ್ಷಿ ಹೇಳಿದ ಮ್ಯಾಲೆ ಒಂದೀಟು ಹಂಗ ಆಗತಿರತೈತಿ," ಎಂದು ಪತ್ರಿಕೆ ತಿರುವಿದರು.

ಅದಾಗಿ ಎರಡು ದಿನಕ್ಕೆ ನನ್ನ ಗಂಡ ನನ್ನನ್ನು ಕರೆದೊಯ್ಯಲು ಬಂದ. ರೇಷ್ಮೆ ರುಮಾಲು, ಬೆಳ್ಳಿ ಹಿಡಿಕೆಯ ಬೆತ್ತ. ಅಳಿಯ ಬಂದನೆಂದು ಅವ್ವ ಮತ್ತೆ ಹೋಳಿಗೆ ಹೂಡಿದಳು. ಗೆದ್ದ ಹುರುಪಿನಲ್ಲಿದ್ದ ಅಪ್ಪನಿಗೆ ಕೇಳುವವರು ಸಿಕ್ಕಿದ್ದೇ ಸಾಕಾಯಿತು. ಕಲ್ಲಪ್ಪನ ಕೇಸನ್ನು ಮೊದಲಿನಿಂದ ಹೇಳುತ್ತ, ಎದ್ದು ಹೋಗಿ ಅವ್ವನ ಕೈಯಿಂದ ಲಟ್ಟಣಿಗೆ ಇಸಿದುಕೊಂಡು ಬಂದರು.

"ಶಾಂತಾ, ಬಾರವಾ. ನಿಮ್ಮವ್ವ ಒಲಿ ಬಿಟ್ಟು ಬರಂಗಿಲ್ಲಂತ. ಇವತ್ತ ನೀ ಫಕೀರವ್ವ ಆಗು. ಅಳಿಯಂದ್ರು ನೋಡ್ಲಿ."

ನಾನು ಹೋಗಿ ಕಂಬದ ಹತ್ತಿರ ನಿಂತೆ. ಎದುರಿಗಿರುವವರು ಅಪ್ಪ ಎಂದು ನನಗೆ ಗೊತ್ತು. ಆಟ ಎಂದೂ ಗೊತ್ತು. ಆದರೆ ಅಪ್ಪನ ಹೆಗಲ ಆಚೆ ನನ್ನ ಗಂಡ ಕೂತು ನೋಡುತ್ತಿದ್ದ. ಲಟ್ಟಣಿಗೆ ಮೇಲೆ ಹೋದದ್ದಷ್ಟೇ ಕಂಡಿತು. ಮುಂದಿನದು ನಾನು ಮಾಡಿದ್ದಲ್ಲ, ನನ್ನ ಮೈ ಮಾಡಿದ್ದು. ಎಡಗೈ ಮಡಚಿ ಮುಖದ ಮುಂದೆ ಬಂತು, ಬಲಗೈ ಕಂಬ ಹುಡುಕಿತು, ಮೊಣಕಾಲು ಕುಸಿದವು. ಕಂಬಕ್ಕೆ ಬಡಿದು ಮಕ್ತುಂಸಾಬ ಇಟ್ಟ ಬಳೆಗಳು ಒಡೆದವು. ನೆಲದ ಮೇಲೆ ಮುದುಡಿಕೊಂಡು, "ತಪ್ಪಾತ್ರೀ, ತಪ್ಪಾತ್ರೀ," ಎನ್ನುತ್ತಿದ್ದವಳು ನಾನೇ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಗಂಡ ನಕ್ಕ. "ನಾಟಕದ ಕಂಪನಿಗೆ ಸೇರಸ್ರಿ ನಿಮ್ಮ ಮಗಳ್ನ," ಎಂದ.

ಅಪ್ಪ ನಗಲಿಲ್ಲ. ಮೊಣಕಾಲೂರಿ ಕೂತು ನನ್ನ ಎಡಗೈ ಎತ್ತಿಕೊಂಡರು. ಕುಪ್ಪಸದ ತೋಳು ಮೇಲೆ ಸರಿಸಿದರು. ಹಳೆಯ ಹಳದಿ ಬಾಸುಂಡೆ, ಅದರ ಮೇಲಿನ ನೀಲಿಯದು, ಹಿತ್ತಾಳೆ ತಂಬಿಗೆಯ ಅಂಚು ಮೂಡಿದ ಕಲೆ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ಎಷ್ಟು ದಿನಾ ಆತು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಎದ್ದ. "ಗಂಡ ಹೆಂಡತಿ ಅಂದ ಮ್ಯಾಲೆ ಒಂದು ಏಟು ಬರತೈತಿ, ಹೋಗತೈತಿ. ಅದನ್ನೂ ಕೋರ್ಟಿಗೆ ಒಯ್ಯಾವ್ರೇನು? ಏ, ಏಳು. ಗಾಡಿಗೆ ಹೊತ್ತಾಗತೈತಿ," ಎಂದು ನನ್ನ ಹೆರಳಿಗೆ ಕೈ ಹಾಕಿ ಎಳೆದ. ಅಪ್ಪ ನಡುವೆ ಬಂದರು. ಅವರ ಎದೆಗೆ ಕೈಕೊಟ್ಟು ನೂಕಿದ. ಅಪ್ಪ ಗೋಡೆಗೆ ಬಡಿದು ಕೂತರು, ಅವರ ಕಂಕುಳಲ್ಲಿದ್ದ ಲಟ್ಟಣಿಗೆ ಜಾರಿ ಉರುಳಿತು.

ಅದನ್ನು ಎತ್ತಿಕೊಂಡವಳು ಅವ್ವ. ಅವಳು ಅಡುಗೆಮನೆಯಿಂದ ಯಾವಾಗ ಬಂದಳೋ ಯಾರೂ ನೋಡಲಿಲ್ಲ. ಅಷ್ಟು ವರ್ಷ ಸತ್ತು ಸತ್ತು ಏಟು ಎಲ್ಲಿ ಹೇಗೆ ಬೀಳಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲನೆಯದು ಹೆರಳು ಹಿಡಿದ ಕೈಯ ಗಿಣ್ಣಿಗೆ, ಎರಡನೆಯದು ಹಣೆಗೆ. ರಕ್ತ ರೇಷ್ಮೆ ರುಮಾಲಿನಿಂದ ಇಳಿದು ಹೋಳಿಗೆಯ ತಾಟಿನಲ್ಲಿ ಬಿತ್ತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅಪ್ಪ ಎದ್ದು ಬಂದು ಹಿಡಿದುಕೊಂಡರು.

"ಬಿಡ್ರಿ ನನ್ನ," ಎಂದು ಅವ್ವ ಕೂಗಿದಳು. "ಇನ್ನೊಂದು ಹೆಜ್ಜಿ ಮುಂದ ಇಟ್ಟರ ನಿಮ್ಮ ಕೋರ್ಟಿನ್ಯಾಗ ನನ್ನ ಕೇಸ ನಡೀಲಿ!"

ಅವನು ಬೆತ್ತವನ್ನೂ ಮರೆತು ಹಣೆ ಒತ್ತಿಕೊಂಡು ಸ್ಟೇಷನ್ನಿನ ಕಡೆ ಹೋದ. ನಾನು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅಪ್ಪ ಬಳೆಯ ಚೂರುಗಳನ್ನು ಒಂದೊಂದಾಗಿ ಆಯ್ದು ಅಂಗೈಯಲ್ಲಿ ಕೂಡಿಸಿದರು. ಆಮೇಲೆ, "ಅವತ್ತ ನೀ ಅಲ್ಲೇ ಬಾಗಲದಾಗ ಕುಂತಿದ್ದಿ," ಎಂದರು.

"ಹೌದ್ರಿ."

"ನಿಮ್ಮವ್ವ ಮಾಡಿದ್ದು ತಪ್ಪು ಅಂತ ಗೊತ್ತಿತ್ತು ನಿನಗ."

"ಗೊತ್ತಿತ್ತು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದರು, ಮತ್ತೆ ತೊಳೆದರು. ಫಕೀರವ್ವನನ್ನು ನಾವಿಬ್ಬರೂ ಸೇರಿ ಇನ್ನೊಮ್ಮೆ ಕೊಂದೆವು ಎಂದು ನನಗೆ ಖಾತ್ರಿಯಾಗಿತ್ತು.

ಮಹಾನವಮಿ ಕಳೆಯಿತು, ದೀಪಾವಳಿ ಕಳೆಯಿತು. ಅಪ್ಪ ಹೊಸ ಕೊಲೆ ಕೇಸು ಹಿಡಿಯಲಿಲ್ಲ. ಬಂದವರನ್ನು ಬೇರೆ ವಕೀಲರ ಕಡೆ ಕಳಿಸಿದರು. ಒಂದು ಸಲ ಮಕ್ತುಂಸಾಬನ ಮನೆಗೆ ಹೋಗಿ ಬಂದರು. ಆತ ಒಳಗಿನಿಂದಲೇ, "ಬಳಿ ಇಲ್ರಿ ಸಾಹೇಬ್ರ, ಎಲ್ಲಾ ಒಡದಾವ," ಎಂದು ಬಾಗಿಲು ತೆರೆಯಲಿಲ್ಲವಂತೆ.

ಅಂಥವನು ಒಂದು ಮುಂಜಾನೆ ತಾನಾಗಿ ನಮ್ಮ ಕಟ್ಟೆಗೆ ಬಂದು ನಿಂತ. ಮುಂದಿನ ಹಲ್ಲುಗಳಿಲ್ಲದೆ ಮಾತು ಸೋರುತ್ತಿತ್ತು.

"ನಾಳಿ ಕಲ್ಲಪ್ಪನ ಮದವಿ ಐತ್ರಿ. ಹುಡಿಗಿಗಿ ಹದಿನಾರು. ಮದವಿ ಬಳಿ ಇಡಾಕ ನನಗ ಕರದಾರ. ಸಣ್ಣ ಕೈ ಐತ್ರಿ ಅದು, ಕೂಸಿನ ಕೈ. ಆಕಿ ಅಪ್ಪಗ ನಾ ಹೇಳಿದೆ, ಬ್ಯಾಡೋ ಯಪ್ಪಾ, ಆಂವಾ ಕೊಲ್ಲತಾನಂತ. ನೀ ಸುಳ್ಳ ಸಾಕ್ಷಿ ಮನಶ್ಯಾ ಅಂದ್ರಿ ಆತ. ಇಡೀ ಜಿಲ್ಲಾದಾಗ ನನ್ನ ಮಾತು ಯಾರೂ ನಂಬಂಗಿಲ್ರಿ. ನೀವು ಹಂಗ ಮಾಡಿಟ್ಟೀರಿ."

ಅಪ್ಪ ತಲೆ ತಗ್ಗಿಸಿ ಕೇಳಿದರು. ಅವ್ವ ಒಳಗಿನಿಂದ, "ನಿಮ್ಮ ಪಕ್ಷಗಾರನ ವಿರುದ್ಧ ನೀವ ಮಾತಾಡಿದ್ರ ವಕೀಲಿ ಸನದು ಉಳೀತೈತೇನ್ರಿ?" ಎಂದಳು. ಅವಳಿಗೂ ಅಷ್ಟು ಕಾನೂನು ಬರುತ್ತಿತ್ತು. ಅಪ್ಪ ಅವಳಿಗೆ ಉತ್ತರ ಕೊಡದೆ ನನ್ನ ಹತ್ತಿರ ಬಂದರು.

"ಶಾಂತಾ, ನಾ ಬರೇ ತಪ್ಪಾಗೇತಿ ಅಂದ್ರ ಅವರು ಒಪ್ಪಂಗಿಲ್ಲ. ಹೆಂಗ ಗೊತ್ತಾತು ಅಂತ ಕೇಳತಾರ. ನಿನ್ನ ಹೆಸರು ಹೇಳಬೇಕಾಗತೈತಿ. ನಾಕು ಮಂದ್ಯಾಗ, ಹಂದರದಾಗ. ಒಮ್ಮೆ ಹೇಳಿದ್ರ ಊರಿಗೆಲ್ಲಾ ಹೇಳಿಧಂಗ." ನನ್ನ ಮುಖ ನೋಡಿದರು. "ಹೇಳ್ಲ್ಯಾ? ಬ್ಯಾಡಂದ್ರ ಬ್ಯಾಡ."

ಧಾರವಾಡ ಜಿಲ್ಲೆಯ ಕಳ್ಳರನ್ನೂ ಕೊಲೆಗಾರರನ್ನೂ ಇಪ್ಪತ್ತೈದು ವರ್ಷ ಪ್ರಶ್ನೆ ಕೇಳಿದ ಅಪ್ಪ, ನನ್ನ ಬದುಕಿನ ಬಗ್ಗೆ ನನ್ನನ್ನೇ ಕೇಳಿ ಉತ್ತರಕ್ಕಾಗಿ ಕಾದದ್ದು ಅದೇ ಮೊದಲು. ಮದುವೆ ಮಾಡುವಾಗಲೂ ಕೇಳಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

"ಹೇಳ್ರಿ," ಎಂದೆ. "ಪೂರಾ ಹೇಳ್ರಿ."

ಮರುದಿನ ಬೆಳಗಿನ ಗಾಡಿಗೆ ಅಪ್ಪ, ಮಕ್ತುಂಸಾಬ ಇಬ್ಬರೂ ಮುಗದಕ್ಕೆ ಹೋಗಿ ಅಲ್ಲಿಂದ ನಡೆದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಮಕ್ತುಂಸಾಬ. ಹಂದರದಲ್ಲಿ ಅಪ್ಪನನ್ನು ಕಂಡು ಕಲ್ಲಪ್ಪ ದೇವರೇ ಬಂದನೆಂದು ಕಾಲಿಗೆ ಬಿದ್ದನಂತೆ. ಅಪ್ಪ ಅವನನ್ನು ದಾಟಿ ಹೋಗಿ ಹುಡುಗಿಯ ತಂದೆಯ ಮುಂದೆ ನಿಂತರು.

"ಇಂವನ್ನ ಬಿಡಿಸಿದಾಂವ ನಾನು," ಎಂದರಂತೆ. "ಹೊಡತ ಬಂದ್ರ ಹೆಣಮಗಳು ಬಲಗೈ ಎತ್ತತಾಳ ಅಂತ ಕೋರ್ಟಿನ್ಯಾಗ ಹೇಳಿದೆ. ಅದು ತಪ್ಪು. ಎಡಗೈ ಎತ್ತತಾರ. ನನ್ನ ಸ್ವಂತ ಮಗಳು ಶಾಂತಾ ಹುಬ್ಬಳ್ಳ್ಯಾಗ ಗಂಡನ ಕಡೆ ಎರಡು ವರ್ಷ ಹೊಡತ ತಿಂದಾಳ, ಆಕಿ ಕೈ ನೋಡಿ ಕಲತೆ. ಈ ಬಳಿಗಾರ ಹೇಳಿದ್ದು ಖರೇ ಇತ್ತು. ನಾನು ಅವನ ಮರ್ಯಾದಿ ಕಳದೆ. ಫಕೀರವ್ವನ್ನ ಹೊಡದ ಕೊಂದಾರ. ನಿನ್ನ ಮಗಳ್ನ ಕೊಡಬ್ಯಾಡ."

ಊದುತ್ತಿದ್ದ ವಾಲಗ ನಿಂತಿತು. "ಖರೇ ಏನ್ರಿ ವಕೀಲ್ರ?" ಎಂದು ಹುಡುಗಿಯ ತಂದೆ ಕೇಳುವಷ್ಟರಲ್ಲಿ ಕಲ್ಲಪ್ಪ ಬಾಸಿಂಗ ಕಿತ್ತೊಗೆದು, ಹಂದರದ ಗಳ ಕಿತ್ತುಕೊಂಡು ಅಪ್ಪನ ತಲೆಗೇ ಬೀಸಿದ. ಮಕ್ತುಂಸಾಬ ಓಡಿಬರುವುದರೊಳಗೆ ಏಟು ಬಿದ್ದಿತ್ತು. ತಲೆಗೆ ಬೀಳಲಿಲ್ಲ. ನಡುವೆ ಕೈ ಬಂದಿತ್ತು. ಎಲುಬು ಮುರಿದ ಸಪ್ಪಳ ಹಂದರದ ತುದಿಯವರೆಗೆ ಕೇಳಿತಂತೆ.

"ಯಾವ ಕೈ ಅಂತ ಎಲ್ಲಾರೂ ನೋಡಿದ್ರು ತಂಗೀ," ಎಂದು ಹೇಳುತ್ತ ಮಕ್ತುಂಸಾಬ ಅತ್ತುಬಿಟ್ಟ. "ಆ ಹುಡಿಗಿ ಅಪ್ಪ ಮಗಳ ಕೊಳ್ಳಾಗಿನ ಹೂವಿನ ಮಾಲಿ ತಗದು ಕೆಳಗಿಟ್ಟು, ಕೈ ಹಿಡದು ಕರಕೊಂಡು ನಡದ."

ಹೊತ್ತು ಇಳಿಯುವ ಮೊದಲು ಚಕ್ಕಡಿಯಲ್ಲಿ ಅಪ್ಪನನ್ನು ಮಲಗಿಸಿ ಕರೆತಂದರು. ಮುಖ ಸುಣ್ಣವಾಗಿತ್ತು, ಕೋಟಿನ ತೋಳು ಹರಿದು ರಕ್ತ ಮೆತ್ತಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ನಾನು ಬಗ್ಗಿದಾಗ ಅಪ್ಪ ಕಣ್ಣು ತೆರೆದು, "ನಿಂದ ಖರೇ ಐತವ್ವಾ," ಎಂದರು. "ವಿಚಾರ ಮಾಡಾಕ ಹೊತ್ತ ಕೊಡಂಗಿಲ್ಲ ಅದು. ತಾನ ಬರತೈತಿ."

ಕಲ್ಲಪ್ಪ ಮುಂಬಯಿ ಹೈಕೋರ್ಟಿನವರೆಗೆ ಅರ್ಜಿ ಕೊಟ್ಟ. ಅಪ್ಪನ ಸನದನ್ನು ಆರು ತಿಂಗಳು ತಡೆಹಿಡಿದರು. ಜೊತೆಗಾರ ವಕೀಲರು ಕೆಲವರು ನಮ್ಮ ಮನೆಯ ಕಟ್ಟೆ ಹತ್ತುವುದನ್ನು ಬಿಟ್ಟರು. ಅಪ್ಪ ಮತ್ತೆ ಕೋರ್ಟಿಗೆ ಹೋದರೂ ಹೊಲಮನೆಯ ದಾವೆಗಳನ್ನಷ್ಟೇ ನಡೆಸಿದರು. ಸೋಲಿಲ್ಲದ ವಕೀಲರು ಎಂದು ಹೊಗಳುವವರಿಗೆ ಇದೆಲ್ಲ ಗೊತ್ತಿಲ್ಲ. ನನ್ನನ್ನು ಶಿಕ್ಷಕಿಯರ ಟ್ರೇನಿಂಗಿಗೆ ಸೇರಿಸಿದರು. ನಾನು ಮೂವತ್ತು ವರ್ಷ ಕನ್ನಡ ಶಾಲೆಯ ಅಕ್ಕೋರಾಗಿ ದುಡಿದೆ, ಯಾವ ಮಗುವಿನ ಮೇಲೂ ರೂಲುಕಟ್ಟಿಗೆ ಎತ್ತಲಿಲ್ಲ. ಪಡಸಾಲೆಯ ಜಮಖಾನೆಯನ್ನು ಮತ್ತೆ ಯಾರೂ ಸುತ್ತಿಡಲಿಲ್ಲ. ಮಕ್ತುಂಸಾಬನಿಗೆ ಹೊಸ ಮಲಾರವನ್ನು ಅವ್ವ ಕೊಡಿಸಿದಳು. ಅದರಿಂದ ಮೊದಲ ಡಜನ್ ನನ್ನ ಎಡಗೈಗೇ ಇಟ್ಟ, ಅವು ವರ್ಷ ಕಳೆದರೂ ಒಡೆಯಲಿಲ್ಲ.

ಅಪ್ಪನ ಕೈಗೆ ಎಲುಬು ಕಟ್ಟುವವನು ಪಟ್ಟಿ ಕಟ್ಟಿದ, ಕೂಡಿದ್ದು ಮಾತ್ರ ಸೊಟ್ಟಗೆ. ಲಿಂಗಪೂಜೆಗೆ ಕೂತಾಗ ಲಿಂಗ ಹಿಡಿಯಬೇಕಾದ ಎಡಗೈಯ ಅಂಗೈ ಸಮನಾಗುತ್ತಿರಲಿಲ್ಲ. ಕೆಳಗೆ ಬಲಗೈ ಆಸರೆ ಕೊಟ್ಟು ಲಿಂಗ ಹಿಡಿದು ಕೂಡುತ್ತಿದ್ದರು. ನೀರೆರೆಯಲು ಮೂರನೆಯ ಕೈ ಬೇಕಾಗುತ್ತಿತ್ತು, ಆ ಕೆಲಸ ನನ್ನದಾಯಿತು. ಅವರು ಸಾಯುವವರೆಗೆ ಅಷ್ಟು ವರ್ಷ ದಿನಾ ಬೆಳಿಗ್ಗೆ ನಾನು ನೀರೆರೆದೆ. ಫಕೀರವ್ವನ ಮಾತು ನಮ್ಮಿಬ್ಬರ ನಡುವೆ ಒಂದು ದಿನವೂ ಬರಲಿಲ್ಲ.

ಅವರು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಸಮಾಧಿಯ ಗೂಡಿನಲ್ಲಿ ಕೂಡಿಸುವ ಮೊದಲು ಸ್ವಾಮಿಗಳು ಎಡಗೈಯಲ್ಲಿ ಲಿಂಗ ಇಡಲು ನೋಡಿದರು. ಕೈ ಮಡಚಿಕೊಂಡು ಎದೆಗಿಂತ ಮೇಲೆ, ಮುಖದ ಹತ್ತಿರ ನಿಂತುಬಿಟ್ಟಿತ್ತು. ಒಬ್ಬರು ಮೊಣಕೈ ಹಿಡಿದು ಕೆಳಗೆ ಒತ್ತಲು ಹೋದರು.

"ಒತ್ತಬ್ಯಾಡ್ರಿ," ಎಂದೆ. ಗಂಡಸರ ನಡುವೆ ಹೆಂಗಸು ಬಂದಳೆಂದು ಯಾರೋ ಗೊಣಗಿದರು. ನಾನು ಗೂಡಿಗೆ ಇಳಿದು, ಅಪ್ಪನ ಆ ಸೊಟ್ಟ ಕೈಯ ಕೆಳಗೆ ನನ್ನ ಎಡಗೈ ಇಟ್ಟು, ಸ್ವಾಮಿಗಳು ಲಿಂಗ ಇಡುವವರೆಗೆ ಹಿಡಿದುಕೊಂಡೆ.